ಎಸ್ಪ್ರೆಸೊ ಮಷೀನ್ ಸೋರುತ್ತಿದೆಯಾ? ಬಿಚ್ಚುವ ಮೊದಲು ಇದಿಷ್ಟು ನೋಡಿ

ಮಷೀನ್ ಕೆಳಗೆ ನೀರು ನಿಂತಿದ್ದು ಕಂಡರೆ ಮೊದಲು ಬರುವ ಪ್ರಶ್ನೆ "ಎಲ್ಲಿಂದ ಸೋರ್ತಿದೆ?" ಅಂತ. ಆ ಪ್ರಶ್ನೆ ಹಿಡಿದು ಹೊರಟರೆ ದಾರಿ ತಪ್ಪುವುದೇ ಜಾಸ್ತಿ. ನೀರು ಮೇಲೆಲ್ಲೋ ಒಂದು ಪೈಪಿನ ತುದಿಯಲ್ಲಿ ಜಿನುಗುತ್ತದೆ. ವೈರಿನ ಗುಂಟ ಇಳಿಯುತ್ತದೆ. ತಳದ ತಗಡಿನ ಮೇಲೆ ಹರಿದು ಕೊನೆಗೆ ಯಾವುದೋ ಒಂದು ಕಾಲಿನ ಪಕ್ಕ ಹೊರಗೆ ಬರುತ್ತದೆ. ಅಡುಗೆಮನೆ ಕಟ್ಟೆ ಸಿಂಕ್ ಕಡೆಗೆ ಸ್ವಲ್ಪ ವಾಟವಾಗಿದ್ದರಂತೂ ಸೋರುವ ಜಾಗಕ್ಕೂ ನೀರು ಕಾಣುವ ಜಾಗಕ್ಕೂ ಸಂಬಂಧವೇ ಇರುವುದಿಲ್ಲ.

ಅದಕ್ಕೇ "ಯಾವಾಗ ಸೋರುತ್ತದೆ?" ಅಂತ ಕೇಳಬೇಕು. ಆಫ್ ಇದ್ದಾಗಲೋ, ಬಿಸಿಯಾಗುವಾಗಲೋ, ಪಂಪ್ ಓಡುವಾಗಲೋ, ಕಾಫಿ ಇಳಿದ ಮೇಲೋ. ಇದೊಂದು ಗೊತ್ತಾದರೆ ಅರ್ಧ ರಿಪೇರಿ ಮುಗಿದ ಹಾಗೆ.

ಒಳಗೆ ನೀರು ಹೋಗುವ ದಾರಿ ಸರಳ. ಟ್ಯಾಂಕಿನಿಂದ ಪಂಪ್, ಪಂಪಿನಿಂದ ಬಾಯ್ಲರ್ ಅಥವಾ ಥರ್ಮೋಬ್ಲಾಕ್ (ಹರಿಯುವಾಗಲೇ ನೀರು ಕಾಯಿಸುವ ಲೋಹದ ಗಟ್ಟಿ), ಅಲ್ಲಿಂದ ಗ್ರೂಪ್ ಹೆಡ್ (ಬಿಸಿನೀರು ಪುಡಿಯ ಮೇಲೆ ಇಳಿಯುವ ಬಾಯಿ), ಆಮೇಲೆ ನಿಮ್ಮ ಪೋರ್ಟಾಫಿಲ್ಟರ್ (ಪುಡಿ ತುಂಬಿ ಸಿಕ್ಕಿಸುವ ಹಿಡಿಕೆಯ ಬಟ್ಟಲು). ಟ್ಯಾಂಕಿನಿಂದ ಪಂಪಿನವರೆಗೆ ಒತ್ತಡ ಇಲ್ಲವೇ ಇಲ್ಲ. ಪಂಪ್ ದಾಟಿದ ಮೇಲೆ ಸುಮಾರು 9 ಬಾರ್. ಮನೆ ಕುಕ್ಕರ್ ವಿಷಲ್ ಹೊಡೆಯುವುದು ಸುಮಾರು 1 ಬಾರ್ ಒತ್ತಡದಲ್ಲಿ. ಅದಕ್ಕೇ ಗ್ಯಾಸ್ಕೆಟ್ ಸಡಿಲವಾದರೆ ಪಕ್ಕದಿಂದ ನೀರು ಚಿಮ್ಮುತ್ತದೆ ಅಲ್ವಾ? ಅದರ ಒಂಬತ್ತು ಪಟ್ಟು ಒತ್ತಡ ಇಲ್ಲಿದೆ. ಒಂದು ಸಣ್ಣ ರಬ್ಬರ್ ಉಂಗುರ ಗಟ್ಟಿಯಾದರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ.

ಮೊದಲು ಪ್ಲಗ್

ನೀರು ಮಷೀನಿನ ಹೊರಗಿದ್ದರೆ ಒರೆಸಿ. ಒಳಗಿನಿಂದ ಬರುತ್ತಿದ್ದರೆ ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ಗನ್ನೇ ಕಿತ್ತುಬಿಡಿ. ಒಳಗೆ 230 ವೋಲ್ಟ್ ಇದೆ, ಸಾವಿರ ವಾಟ್‌ಗೂ ಮೀರಿದ ಹೀಟರ್ ಇದೆ. ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ಥಿಂಗ್ ತಪ್ಪಿಸಿದ್ದರೆ ಆ ಮಷೀನ್ ಹತ್ತಿರ ಹೋಗಲೇಬೇಡಿ.

ಮಷೀನ್ ಆನ್ ಮಾಡಿದ ತಕ್ಷಣ ಮನೆಯ ಆರ್‌ಸಿಸಿಬಿ ಅಥವಾ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಬೀಳುತ್ತಿದೆಯಾ? ಹಾಗಾದರೆ ನೀರು ಕರೆಂಟ್ ಇರುವ ಕಡೆ ಮುಟ್ಟಿರಬಹುದು, ಇಲ್ಲವೇ ಹೀಟರ್ ಒಳಗೇ ಸೀಳಿರಬಹುದು. "ಇನ್ನೊಂದ್ಸಲ ನೋಡೋಣ" ಅಂತ ಮತ್ತೆ ಎತ್ತಬೇಡಿ. ಅಲ್ಲಿಗೆ ಮನೆ ರಿಪೇರಿ ಮುಗಿಯಿತು, ಮೆಕ್ಯಾನಿಕ್ ಹತ್ತಿರ ಕೊಡಿ.

ಬಿಚ್ಚುವುದೇ ಆದರೆ ಪ್ಲಗ್ ತೆಗೆದು ಸ್ಟೀಮ್ ನಾಬ್ ತೆರೆದು ಉಳಿದ ಒತ್ತಡ ಹೊರಗೆ ಬಿಡಿ. ಆಮೇಲೆ ಒಂದು ಗಂಟೆ ಸುಮ್ನೆ ಬಿಟ್ಟುಬಿಡಿ. ಹಿತ್ತಾಳೆಯ ಗ್ರೂಪ್ ಹೆಡ್ ಮುಟ್ಟಿದರೆ ಚರ್ಮ ಸುಡುವಷ್ಟು ಬಿಸಿ ಬಹಳ ಹೊತ್ತು ಉಳಿದಿರುತ್ತದೆ.

ಇದು ಸೋರಿಕೆಯೇ ಅಲ್ಲದಿರಬಹುದು

ಕೆಲವು ನೀರು ಬರಲೇಬೇಕಾದದ್ದು.

ಗಾಜಿಯಾ ಕ್ಲಾಸಿಕ್, ರಾನ್ಸಿಲಿಯೊ ಸಿಲ್ವಿಯಾ ತರಹದ ಮಷೀನ್‌ಗಳಲ್ಲಿ ತ್ರೀ-ವೇ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್) ಇರುತ್ತದೆ. ಕಾಫಿ ಇಳಿದು ಪಂಪ್ ನಿಂತ ಕೂಡಲೇ "ಫುಸ್" ಅಂತ ಸದ್ದಾಗಿ ಡ್ರಿಪ್ ಟ್ರೇಗೆ ಸ್ವಲ್ಪ ಕಂದು ನೀರು ಬೀಳುತ್ತದೆ. ಪುಡಿಯ ಮೇಲಿದ್ದ ಒತ್ತಡವನ್ನು ವಾಲ್ವ್ ಹೊರಗೆ ಬಿಡುವುದು ಹೀಗೇ. ಡೆಲೊಂಗಿ ಡೆಡಿಕಾದಂಥ ಮಷೀನ್‌ಗಳಲ್ಲಿ ಈ ವಾಲ್ವ್ ಇಲ್ಲ. ಅಲ್ಲಿ ಆಫ್ ಮಾಡಿದ ಮೇಲೂ ಸ್ವಲ್ಪ ಹೊತ್ತು ಸ್ಪೌಟಿನಿಂದ ಹನಿ ಬೀಳುತ್ತಲೇ ಇರುತ್ತದೆ, ಚರಟ ಕೆಸರಿನ ಹಾಗೆ ಒದ್ದೆ ಇರುತ್ತದೆ. ಅದೂ ಸಹಜವೇ.

ಇನ್ನೊಂದು, ಬಿಸಿಯಾಗುವಾಗ ಬೀಳುವ ಹನಿ. ನೀರು 20 ಡಿಗ್ರಿಯಿಂದ 100 ಡಿಗ್ರಿಗೆ ಹೋದರೆ ಸುಮಾರು ಶೇಕಡಾ 4ರಷ್ಟು ಹಿಗ್ಗುತ್ತದೆ. 100 ಮಿಲಿಯ ಬಾಯ್ಲರ್ ಆದರೆ 4 ಮಿಲಿ, 300 ಮಿಲಿಯದಾದರೆ 12 ಮಿಲಿ ನೀರಿಗೆ ಒಳಗೆ ಜಾಗವಿಲ್ಲ. ಅದು ಗ್ರೂಪ್ ಹೆಡ್‌ನಿಂದಲೋ ಬೇರೆ ವಾಲ್ವ್‌ನಿಂದಲೋ ಹೊರಗೆ ಬರಲೇಬೇಕು. ಬಿಸಿಯಾಗಿ ಲೈಟ್ ಬಂದ ಮೇಲೆ ಹನಿ ನಿಂತರೆ ಚಿಂತೆ ಬೇಡ. ನಿಲ್ಲದಿದ್ದರೆ ಮುಂದೆ ಓದಿ.

ಡ್ರಿಪ್ ಟ್ರೇ ತುಂಬಿ ಚೆಲ್ಲುವುದು ಇನ್ನೂ ಸಾಮಾನ್ಯ. ದಿನಕ್ಕೆ ನಾಲ್ಕು ಕಾಫಿ, ಪ್ರತಿ ಸಲ ಗ್ರೂಪ್ ತೊಳೆಯಲು ಬಿಟ್ಟ ನೀರು, ಸ್ಟೀಮ್ ವಾಂಡಿನ (ಹಾಲು ನೊರೆ ಬರಿಸುವ ಹಬೆ ನಳಿಕೆಯ) ನೀರು, ಎಲ್ಲ ಸೇರಿದರೆ ಸಣ್ಣ ಟ್ರೇ ಎರಡೇ ದಿನಕ್ಕೆ ತುಂಬುತ್ತದೆ. ಟ್ರೇ ಪೂರ್ತಿ ಒಳಗೆ ತಳ್ಳದಿದ್ದರೂ ವಾಲ್ವಿನ ನೀರು ಟ್ರೇಯ ಹಿಂದಕ್ಕೆ ಬೀಳುತ್ತದೆ. ಮಷೀನ್ ಕೆಳಗಿನ ನೀರು ಕಂದು ಬಣ್ಣದ್ದಾಗಿದ್ದರೆ, ಕಾಫಿ ವಾಸನೆ ಇದ್ದರೆ, ನೂರಕ್ಕೆ ತೊಂಬತ್ತು ಭಾಗ ಟ್ರೇಯದ್ದೇ ತಪ್ಪು ಅಂದುಕೊಳ್ಳಿ.

ಟಿಶ್ಯೂ ಪೇಪರ್ ಪರೀಕ್ಷೆ

ಮಷೀನ್ ಪೂರ್ತಿ ಒಣಗಿಸಿ. ಟ್ರೇ ತೊಳೆದು ಒರೆಸಿ ಹಾಕಿ. ಕೆಳಗೆ ಹಳೇ ನ್ಯೂಸ್‌ಪೇಪರ್ ಹಾಸಿ, ಅದರ ಮೇಲೆ ಬಿಳಿ ಟಿಶ್ಯೂ. ಆಮೇಲೆ ಒಂದೊಂದೇ ಹಂತ ಮಾಡಿ. ಎರಡು ಹಂತ ಒಟ್ಟಿಗೆ ಮಾಡಿದರೆ ಪರೀಕ್ಷೆ ಕೆಟ್ಟಂತೆ.

ಮೊದಲ ಹಂತ: ರಾತ್ರಿ ಟ್ಯಾಂಕ್ ತುಂಬಿಸಿ, ಪ್ಲಗ್ ತೆಗೆದು ಮಲಗಿ. ಬೆಳಗ್ಗೆ ಪೇಪರ್ ಒದ್ದೆಯಾಗಿದ್ದರೆ ತೊಂದರೆ ಟ್ಯಾಂಕಿನದ್ದು ಅಥವಾ ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪಿನದ್ದು. ಬೇರೆ ಯಾವುದೂ ಅಲ್ಲ.

ಎರಡನೇ ಹಂತ: ಬರೀ ಬಿಸಿ ಮಾಡಿ. ಪಂಪ್ ಮುಟ್ಟಬೇಡಿ. ಹದಿನೈದು ನಿಮಿಷ ಬಿಡಿ. ಈಗ ಹೊಸದಾಗಿ ಒದ್ದೆಯಾದರೆ ಬಾಯ್ಲರ್ ಸೀಲ್ ಅಥವಾ ಸ್ಟೀಮ್ ವಾಲ್ವ್ ಮೇಲೆ ಅನುಮಾನ.

ಮೂರನೇ ಹಂತ: ಪೋರ್ಟಾಫಿಲ್ಟರ್ ತೆಗೆದು ಗ್ರೂಪ್ ಹೆಡ್ ಕೆಳಗೆ ಲೋಟ ಇಟ್ಟು ಪಂಪ್ ಓಡಿಸಿ. ಒತ್ತಡ ಇಲ್ಲ, ನೀರಿನ ಹರಿವು ಮಾತ್ರ. ಇಲ್ಲೇ ಕೆಳಗೆ ನೀರು ಬಂದರೆ ಯಾವುದೋ ಪೈಪ್ ಕಳಚಿಕೊಂಡಿದೆ.

ನಾಲ್ಕನೇ ಹಂತ: ಪುಡಿ ತುಂಬಿ ನಿಜವಾದ ಕಾಫಿ ಮಾಡಿ. ಈಗ ಒತ್ತಡ ಬರುತ್ತದೆ. ಹಿಂದಿನ ಮೂರೂ ಹಂತದಲ್ಲಿ ಒಣಗಿದ್ದು ಈಗ ಮಾತ್ರ ಸೋರಿದರೆ ಗ್ರೂಪ್ ಗ್ಯಾಸ್ಕೆಟ್, ಒತ್ತಡದ ಪೈಪಿನ ಓ-ರಿಂಗ್ (ಸಣ್ಣ ರಬ್ಬರ್ ಉಂಗುರ), ಇಲ್ಲವೇ ಪಂಪಿನ ಹೊರಬಾಯಿ. ತೂತಿಲ್ಲದ ಬ್ಲೈಂಡ್ ಬ್ಯಾಸ್ಕೆಟ್ (ಪೋರ್ಟಾಫಿಲ್ಟರ್ ಒಳಗೆ ಪುಡಿ ಹಾಕುವ ತಟ್ಟೆಯೇ ಬ್ಯಾಸ್ಕೆಟ್) ಇದ್ದರೆ ಪುಡಿ ಖರ್ಚಿಲ್ಲದೆ ಈ ಪರೀಕ್ಷೆ ಮಾಡಬಹುದು. ಆದರೆ ತ್ರೀ-ವೇ ವಾಲ್ವ್ ಇರುವ ಮಷೀನಿನಲ್ಲಿ ಮಾತ್ರ. ಅದಿಲ್ಲದ ಮಷೀನಿನಲ್ಲಿ ಪಂಪ್ ನಿಂತ ಮೇಲೂ ಒತ್ತಡ ಒಳಗೇ ಉಳಿಯುತ್ತದೆ. ಪೋರ್ಟಾಫಿಲ್ಟರ್ ತಿರುಗಿಸಿದ ಕ್ಷಣ ಕುದಿಯುವ ನೀರು ಮುಖಕ್ಕೆ ಸಿಡಿಯಬಹುದು.

ತೂಕದ ಮಷೀನ್ ಮನೆಯಲ್ಲಿದ್ದರೆ ಇನ್ನೂ ಒಂದು ಉಪಾಯವಿದೆ. ಟ್ಯಾಂಕ್ ತೂಗಿ ಹಾಕಿ. ಮೊದಲು ಸ್ವಲ್ಪ ನೀರು ಓಡಿಸಿ ಒಳಗೆಲ್ಲ ತುಂಬಿಕೊಳ್ಳಲಿ. ಆಮೇಲೆ ಮತ್ತೆ ಟ್ಯಾಂಕ್ ತೂಗಿ, 200 ಗ್ರಾಂ ನೀರು ಲೋಟಕ್ಕೆ ತೆಗೆಯಿರಿ. ಟ್ಯಾಂಕಿನಲ್ಲಿ 200 ಗ್ರಾಂ ಕಡಿಮೆಯಾಗಿದ್ದರೆ ಲೆಕ್ಕ ಸರಿ. 230 ಕಡಿಮೆಯಾಗಿದ್ದರೆ ಆ 30 ಗ್ರಾಂ ಮಷೀನಿನ ಹೊಟ್ಟೆಯೊಳಗೆ ಎಲ್ಲೋ ಇದೆ. ಹೊರಗೆ ಒಂದು ಹನಿಯೂ ಕಾಣದ ಸೋರಿಕೆ ಹೀಗೆ ಸಿಕ್ಕಿಬೀಳುತ್ತದೆ.

ಪೋರ್ಟಾಫಿಲ್ಟರ್ ಸುತ್ತ ನೀರು

ಮನೆ ಮಷೀನ್‌ಗಳಲ್ಲಿ ಅತಿ ಹೆಚ್ಚು ಕಾಣುವ ದೂರು ಇದು. ಗ್ಯಾಸ್ಕೆಟ್ ಹಾಳಾಗಿದೆ ಅಂತ ಎಲ್ಲರೂ ಆರ್ಡರ್ ಮಾಡಿಬಿಡುತ್ತಾರೆ. ತಡೆಯಿರಿ. ಖರ್ಚಿಲ್ಲದ ಕಾರಣ ಮೊದಲು ನೋಡೋಣ.

ಬ್ಯಾಸ್ಕೆಟ್ ಅಂಚಿನ ಮೇಲೆ ಬೆರಳಾಡಿಸಿ. ನಾಲ್ಕೈದು ಕಾಳು ಪುಡಿ ಅಂಟಿದ್ದರೂ ರಬ್ಬರ್ ಪೂರ್ತಿ ಕೂರುವುದಿಲ್ಲ. ಗ್ರೂಪ್ ಹೆಡ್ ಒಳಗೂ ಟಾರ್ಚ್ ಬಿಟ್ಟು ನೋಡಿ. ಗ್ಯಾಸ್ಕೆಟ್ ಸುತ್ತ ಕರ್ರಗೆ ಡಾಂಬರಿನಂತೆ ಒಣಗಿದ ಕಾಫಿ ಎಣ್ಣೆ ಇರುತ್ತದೆ. ಗಟ್ಟಿ ನೈಲಾನ್ ಬ್ರಷ್‌ನಿಂದ ಬಿಸಿನೀರು ಹಾಕಿ ತಿಕ್ಕಿ. ಎಷ್ಟೋ ಸಲ ಸೋರಿಕೆ ಇಲ್ಲಿಗೇ ನಿಲ್ಲುತ್ತದೆ.

ಆಮೇಲೆ ಪುಡಿಯ ಅಳತೆ. 58 ಮಿಮೀ ಡಬಲ್ ಬ್ಯಾಸ್ಕೆಟ್‌ಗೆ ಸಾಮಾನ್ಯವಾಗಿ 16ರಿಂದ 18 ಗ್ರಾಂ, ಡೆಡಿಕಾದ 51 ಮಿಮೀ ಬ್ಯಾಸ್ಕೆಟ್‌ಗೆ ಸುಮಾರು 14 ಗ್ರಾಂ. ಅಮುಕಿ ಅಮುಕಿ 20 ಗ್ರಾಂ ತುಂಬಿದರೆ ಪುಡಿ ಉಬ್ಬಿ ಮೇಲಿನ ಜರಡಿಗೆ ತಾಗುತ್ತದೆ, ಪೋರ್ಟಾಫಿಲ್ಟರ್ ಪೂರ್ತಿ ತಿರುಗುವುದೇ ಇಲ್ಲ.

ನಮ್ಮ ಕಡೆ ಮಾತ್ರ ಕಾಣುವ ಒಂದು ಕಾರಣವೂ ಇದೆ. ಮಿಲ್ಲಿನಿಂದ ತಂದ ಫಿಲ್ಟರ್ ಕಾಫಿ ಪುಡಿಯನ್ನೇ ಎಸ್ಪ್ರೆಸೊ ಮಷೀನಿಗೂ ಹಾಕುವುದು. ಅದರಲ್ಲಿ ಚಿಕೋರಿ ಇದ್ದರೆ ಅದು ನೀರು ಹೀರಿ ಊದಿ ಅಂಟಂಟಾಗುತ್ತದೆ. ಹಿತ್ತಾಳೆ ಫಿಲ್ಟರ್‌ನಲ್ಲಿ ಡಿಕಾಕ್ಷನ್ ನಿಧಾನವಾಗಿ ಇಳಿಯಲು ಅದು ಸಹಾಯ ಮಾಡುತ್ತದೆ. ಇಲ್ಲಿ ಅದೇ ದಾರಿ ಕಟ್ಟಿಬಿಡುತ್ತದೆ. ಕೆಳಗೆ ಹೋಗಲಾಗದ ನೀರು ಪಕ್ಕದಿಂದ ಹೊರಡುತ್ತದೆ. ಚಿಕ್ಕಮಗಳೂರಿನದೋ ಕೊಡಗಿನದೋ, ಪ್ಯೂರ್ ಕಾಫಿ ಬೀಜವನ್ನೇ ಸ್ವಲ್ಪ ದಪ್ಪಗೆ ಬೀಸಿ ಒಮ್ಮೆ ಹಾಕಿ ನೋಡಿ. ಸೋರದಿದ್ದರೆ ಗ್ಯಾಸ್ಕೆಟ್ ಸರಿಯಾಗಿಯೇ ಇದೆ, ಪುಡಿ ಬದಲಿಸಿದರೆ ಆಯಿತು.

ಇಷ್ಟಾದರೂ ಸೋರಿದರೆ ಹಿಡಿಕೆಯ ಜಾಗ ಗಮನಿಸಿ. ಮೊದಲು ನಿಮ್ಮ ಎದುರಿಗೆ ನೇರವಾಗಿ ನಿಲ್ಲುತ್ತಿದ್ದ ಹಿಡಿಕೆ ಈಗ ಬಲಕ್ಕೆ ಬಹಳ ದೂರ ಹೋಗುತ್ತಿದೆಯಾ? ರಬ್ಬರ್ ಸವೆದಿದೆ. ಉಗುರಿನಿಂದ ಒತ್ತಿ ನೋಡಿ. ಒಳ್ಳೆಯ ಗ್ಯಾಸ್ಕೆಟ್ ಸ್ವಲ್ಪ ತಗ್ಗಿ ಮತ್ತೆ ಮೇಲೆ ಬರುತ್ತದೆ. ಹಳೆಯದು ಪ್ಲಾಸ್ಟಿಕ್‌ನಂತೆ ಟಕ್ ಅನ್ನುತ್ತದೆ.

ಬದಲಿಸುವುದು ಕಷ್ಟದ ಕೆಲಸವಲ್ಲ, ತಾಳ್ಮೆಯ ಕೆಲಸ. ಗಾಜಿಯಾ ಕ್ಲಾಸಿಕ್ ಉದಾಹರಣೆ ತೆಗೆದುಕೊಳ್ಳಿ. ಕೆಳಗಿನಿಂದ ನೋಡಿದರೆ ಜರಡಿಯ ನಡುವೆ ಒಂದು ಸ್ಕ್ರೂ. ಅದನ್ನು ಬಿಚ್ಚಿದರೆ ಜರಡಿ ಕೈಗೆ ಬರುತ್ತದೆ. ಅದರ ಮೇಲಿನ ಲೋಹದ ಬಿಲ್ಲೆಯನ್ನು ಎರಡು ಅಲೆನ್ ಬೋಲ್ಟ್ ಹಿಡಿದಿರುತ್ತವೆ. ಅದನ್ನೂ ತೆಗೆಯಿರಿ. ಈಗ ಗ್ಯಾಸ್ಕೆಟ್ ಅಂಚು ಕಾಣುತ್ತದೆ. ಸ್ಕ್ರೂಡ್ರೈವರ್ ತುದಿ ಹಾಕಿ ಎಬ್ಬಿದರೆ ಲೋಹಕ್ಕೆ ಗೀರು ಬೀಳುತ್ತದೆ, ಆ ಗೀರಿನಿಂದಲೇ ಮುಂದೆ ಸೋರುತ್ತದೆ. ಅದರ ಬದಲು ಸಣ್ಣ ಮರದ ಸ್ಕ್ರೂ ಒಂದನ್ನು ರಬ್ಬರಿನೊಳಗೆ ಮಾತ್ರ ಹೋಗುವಷ್ಟು ತಿರುಗಿಸಿ, ಅದರ ತಲೆಯನ್ನು ಇಕ್ಕಳದಲ್ಲಿ ಹಿಡಿದು ಕೆಳಗೆ ಎಳೆಯಿರಿ. ಹಳೇ ರಬ್ಬರ್ ಚೂರುಚೂರಾಗಿ ಬಂದರೆ ಹೆದರಬೇಡಿ, ಸಾಮಾನ್ಯವಾಗಿ ಹಾಗೇ ಬರುವುದು. ಯಾವ ಮುಖ ಮೇಲಿತ್ತು ಅಂತ ತೆಗೆಯುವಾಗಲೇ ಫೋಟೊ ಇಟ್ಟುಕೊಳ್ಳಿ.

ಗ್ಯಾಸ್ಕೆಟ್ ಕೂರುವ ತೋಡಿನಲ್ಲಿ ಒಂದು ಚೂರೂ ಉಳಿಯಬಾರದು. ಹಳೇ ಟೂತ್‌ಬ್ರಷ್, ಬಿದಿರಿನ ಕಡ್ಡಿ ಸಾಕು. ಹೊಸ ಉಂಗುರವನ್ನು ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ, ಸುತ್ತ ಸಮವಾಗಿ ಹೆಬ್ಬೆರಳಿನಿಂದ ಒತ್ತಿ. ಖಾಲಿ ಪೋರ್ಟಾಫಿಲ್ಟರ್ ಸಿಕ್ಕಿಸಿ ನಿಧಾನಕ್ಕೆ ತಿರುಗಿಸಿದರೆ ಉಳಿದಷ್ಟು ತಾನೇ ಕೂರುತ್ತದೆ. ಮೊದಲ ಕೆಲವು ದಿನ ಹಿಡಿಕೆ ಎಡಕ್ಕೇ ನಿಲ್ಲುತ್ತದೆ. ಜೋರು ಮಾಡಿ ಎಳೆಯಬೇಡಿ.

ಕಪ್ಪು ನೈಟ್ರೈಲ್ ರಬ್ಬರಿಗಿಂತ ಸಿಲಿಕೋನ್ ಗ್ಯಾಸ್ಕೆಟ್ ಬಿಸಿಗೆ ಬೇಗ ಗಟ್ಟಿಯಾಗುವುದಿಲ್ಲ. ಸಿಕ್ಕರೆ ಅದನ್ನೇ ಕೊಳ್ಳಿ. ಕೆಲಸ ಮುಗಿದ ಮೇಲೆ ಪೋರ್ಟಾಫಿಲ್ಟರನ್ನು ಬಿಗಿಯಾಗಿ ಸಿಕ್ಕಿಸಿಯೇ ಬಿಡುವ ಅಭ್ಯಾಸ ಇದ್ದರೆ ಬಿಡಿ. ರಬ್ಬರ್ ಅದುಮಿಕೊಂಡೇ ಗಟ್ಟಿಯಾಗುತ್ತದೆ.

ಟ್ಯಾಂಕ್

ಟ್ಯಾಂಕ್ ಹೊರಗೆ ತೆಗೆದು ತಟ್ಟೆಯ ಮೇಲೆ ಟಿಶ್ಯೂ ಹಾಕಿ ಅರ್ಧ ಗಂಟೆ ಇಡಿ. ಅಲ್ಲೇ ಸೋರಿದರೆ ಟ್ಯಾಂಕಿನಲ್ಲಿ ಸೀಳು ಇದೆ ಅಥವಾ ತಳದ ಸ್ಪ್ರಿಂಗ್ ವಾಲ್ವ್‌ನಲ್ಲಿ ಕಸ ಸಿಕ್ಕಿದೆ. ಹೊರಗೆ ಒಣಗಿದ್ದು ಮಷೀನಿನಲ್ಲಿ ಕೂರಿಸಿದಾಗ ಮಾತ್ರ ಸೋರಿದರೆ ವಾಲ್ವ್ ಸರಿಯಿದೆ, ಅದು ಕೂರುವ ಜಾಗದ ಓ-ರಿಂಗ್ ಹೋಗಿದೆ. ಉಂಗುರವನ್ನು ತೆಗೆದು ತೊಳೆದು, ಫುಡ್ ಗ್ರೇಡ್ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ ಹಾಕಿ. ವ್ಯಾಸಲೀನ್ ಬೇಡ, ಅಡುಗೆ ಎಣ್ಣೆಯೂ ಬೇಡ. ಪೆಟ್ರೋಲಿಯಂ ಜೆಲ್ಲಿ ತಾಗಿದರೆ ಕೆಲವು ಬಗೆಯ ರಬ್ಬರ್ ಊದಿಕೊಳ್ಳುತ್ತದೆ, ಎಣ್ಣೆ ಕಮಟಾಗುತ್ತದೆ.

ಗಾಜಿಯಾ ಕ್ಲಾಸಿಕ್‌ನಲ್ಲಿ ಟ್ಯಾಂಕಿಗೆ ತಳದ ವಾಲ್ವ್ ಇಲ್ಲ, ಮೇಲಿನಿಂದ ಸಿಲಿಕೋನ್ ಪೈಪ್ ಇಳಿಬಿಟ್ಟಿರುತ್ತಾರೆ. ಒಂದು ನೀರು ಎಳೆಯಲು, ಇನ್ನೊಂದು ಹೆಚ್ಚಾದ ಒತ್ತಡದ ನೀರು ವಾಪಸ್ ಬರಲು. ಟ್ಯಾಂಕ್ ತೊಳೆದು ಹಾಕುವಾಗ ಈ ಎರಡನೆಯದು ಹೊರಗೆ ಉಳಿದುಬಿಟ್ಟರೆ ಪ್ರತಿ ಕಾಫಿಗೂ ನೀರು ಮಷೀನ್ ಒಳಗೆ ಸುರಿಯುತ್ತದೆ. ಪೈಪನ್ನು ಟ್ಯಾಂಕಿನೊಳಕ್ಕೆ ಹಾಕಿದರೆ ಮುಗಿಯಿತು.

ಸ್ಟೀಮ್ ವಾಂಡ್

ಹಾಲು ನೊರೆ ಬರಿಸಿ ಮುಗಿಸಿದ ಮೇಲೆ ಒಂದೆರಡು ನಿಮಿಷ ಹನಿ ಬೀಳುವುದು ಉಳಿದ ಹಬೆ ನೀರಾಗುವುದರಿಂದ. ನಾಬ್ ಮುಚ್ಚಿ ಹತ್ತು ನಿಮಿಷವಾದರೂ ನಿಲ್ಲದಿದ್ದರೆ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ ಅಂತ ಅರ್ಥ. ಆಗ ಎಲ್ಲರೂ ನಾಬನ್ನು ಇನ್ನೂ ಬಿಗಿಯುತ್ತಾರೆ. ಒಳಗಿನ ಸೂಜಿ ತುದಿ ಮೆತ್ತನೆಯ ಸೀಟ್ ಮೇಲೆ ಕೊರೆದು ಗುಳಿ ಮಾಡುತ್ತದೆ, ಮಾರನೇ ದಿನ ಇನ್ನೂ ಜಾಸ್ತಿ ಸೋರುತ್ತದೆ. ಹನಿ ನಿಲ್ಲುವಷ್ಟು ಮುಚ್ಚಿದರೆ ಸಾಕು. ನೀರಿನ ಉಪ್ಪು ಕಟ್ಟಿ ಸೀಟ್ ಮೇಲೆ ಕೂತಿದ್ದರೆ ಡಿಸ್ಕೇಲ್ ಮಾಡಿದಾಗ (ದ್ರಾವಣ ಹಾಕಿ ಆ ಉಪ್ಪು ಕರಗಿಸಿದಾಗ) ಸರಿಹೋಗಬಹುದು. ವಾಂಡ್ ತಿರುಗುವ ಮೇಲಿನ ಗಿಣ್ಣಿನಲ್ಲಿ ನೀರು ಜಿನುಗಿದರೆ ಮಾತ್ರ ಅಲ್ಲಿನ ಓ-ರಿಂಗ್ ಬದಲಿಸಿ.

ಮೇಲಿನ ಮುಚ್ಚಳ ತೆಗೆದಾಗ

ವಾರಂಟಿ ಇದ್ದರೆ ತೆಗೆಯಲೇಬೇಡಿ. ಇಲ್ಲದಿದ್ದರೆ ಪ್ಲಗ್ ತೆಗೆದು, ತಣ್ಣಗಾದ ಮೇಲೆ, ಪ್ರತಿ ಹಂತಕ್ಕೂ ಫೋಟೊ ತೆಗೆಯುತ್ತಾ ಬಿಚ್ಚಿ.

ಒಣ ಮಷೀನಿನಲ್ಲೂ ಸೋರಿಕೆ ಗುರುತು ಬಿಟ್ಟಿರುತ್ತದೆ. ಟಾರ್ಚ್ ಅಡ್ಡಲಾಗಿ ಹಿಡಿದು ನೋಡಿ. ಬಿಳಿ ಗೆರೆಯೊಂದು ಪೈಪಿನ ಬುಡದಿಂದ ಕೆಳಗೆ ಹೋಗಿರುತ್ತದೆ. ನೀರು ಆವಿಯಾಗಿ ಉಪ್ಪು ಮಾತ್ರ ಉಳಿದದ್ದು. ಹಿತ್ತಾಳೆಯ ಫಿಟ್ಟಿಂಗ್ ಆದರೆ ಅಂಚಿನಲ್ಲಿ ಹಸಿರು ಪುಡಿ ಕಟ್ಟಿರುತ್ತದೆ. ಆ ಗೆರೆಯನ್ನು ಮೇಲಕ್ಕೆ ಹಿಡಿದು ಹೋಗಿ. ಅದು ಶುರುವಾಗುವ ಜಾಗವೇ ಸೋರುವ ಜಾಗ.

ಡೆಲೊಂಗಿಯಂಥ ಮಷೀನ್‌ಗಳಲ್ಲಿ ಗಟ್ಟಿ ಬಿಳಿ ಟೆಫ್ಲಾನ್ ಪೈಪ್‌ಗಳು ಇರುತ್ತವೆ. ಪ್ರತಿ ತುದಿಯಲ್ಲೂ ಓ-ರಿಂಗ್, ಅದನ್ನು ಹಿಡಿದಿರುವ ಯು ಆಕಾರದ ಕ್ಲಿಪ್. ಕ್ಲಿಪ್ ಎಳೆದು ಪೈಪ್ ಹೊರಗೆ ತೆಗೆದರೆ ಹಳೇ ಉಂಗುರ ಚಪ್ಪಟೆಯಾಗಿ ಚೌಕ ಆಕಾರಕ್ಕೆ ಬಂದಿರುವುದು ಕಾಣುತ್ತದೆ. ಅದೇ ಅಳತೆಯ, ಬಿಸಿ ತಡೆಯುವ ಸಿಲಿಕೋನ್ ಓ-ರಿಂಗ್ ಹಾಕಿ, ಚೂರು ಗ್ರೀಸ್ ಸವರಿ, ಕ್ಲಿಪ್ ವಾಪಸ್ ಹಾಕಿ. ಓ-ರಿಂಗ್ ಇರುವ ಕಡೆ ಟೆಫ್ಲಾನ್ ಟೇಪ್ ಸುತ್ತಬೇಡಿ. ಟೇಪ್ ಕೆಲಸ ಮಾಡುವುದು ಥ್ರೆಡ್ ಇರುವ, ತಿರುಗಿಸಿ ಬಿಗಿಯುವ ಫಿಟ್ಟಿಂಗ್‌ನಲ್ಲಿ ಮಾತ್ರ.

ಗಾಜಿಯಾದ ಬಾಯ್ಲರ್ ಎರಡು ಭಾಗ ಸೇರಿಸಿ ನಾಲ್ಕು ಬೋಲ್ಟ್ ಬಿಗಿದದ್ದು. ನಡುವೆ ದೊಡ್ಡ ಓ-ರಿಂಗ್. ಅದು ಹೋದರೆ ಬಿಸಿಯಾದ ಮೇಲೆ ಗ್ರೂಪ್ ಹೆಡ್‌ನ ಹೊರಮೈಯಲ್ಲಿ ನೀರು ಇಳಿಯುತ್ತದೆ, ಒಳಗಿನಿಂದ "ಚುಂಯ್" ಅಂತ ಹಬೆಯ ಸದ್ದು ಬರುತ್ತದೆ. ಬದಲಿಸಿ ಬಿಗಿಯುವಾಗ ಒಂದು ಬೋಲ್ಟ್ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗಬೇಡಿ. ಎದುರುಬದುರಿನವನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬನ್ನಿ. ಬಿಸಿ ಇರುವಾಗಂತೂ ಸ್ಪ್ಯಾನರ್ ಮುಟ್ಟಬೇಡಿ.

ಥರ್ಮೋಬ್ಲಾಕ್ ಅಥವಾ ಪಂಪಿನ ಪ್ಲಾಸ್ಟಿಕ್ ಮೈ ಸೀಳಿದ್ದರೆ ಆ ಭಾಗವನ್ನೇ ಬದಲಿಸಬೇಕು. ಎಂ-ಸೀಲ್ ಮೆತ್ತುವುದು, ಫೆವಿಕ್ವಿಕ್ ಹಾಕುವುದು ನಮಗೆಲ್ಲ ರಕ್ತದಲ್ಲೇ ಬಂದಿದೆ. ಬಕೆಟ್‌ಗೆ ಸರಿ. ಕುಡಿಯುವ ಕುದಿನೀರು 9 ಬಾರ್ ಒತ್ತಡದಲ್ಲಿ ಹೋಗುವ ಕಡೆ ಬೇಡವೇ ಬೇಡ.

ನೀರೇ ಮೂಲ ಕಾರಣ

ಬೋರ್ ನೀರು ಕುದಿಸುವ ಪಾತ್ರೆಯ ತಳ ನೋಡಿದ್ದೀರಲ್ಲ, ಬಿಳಿ ಪೊರೆ. ಅದೇ ಬಾಯ್ಲರ್ ಒಳಗೂ, ವಾಲ್ವಿನ ಸೀಟ್ ಮೇಲೂ ಕೂರುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರು ಸಿಗದಿದ್ದರೆ 600ರವರೆಗೆ. ಮನುಷ್ಯರಿಗೆ ಅದು ನಡೆಯುತ್ತದೆ. ಎಸ್ಪ್ರೆಸೊ ಮಷೀನಿಗೆ 600 ಅಂದರೆ ಕೆಲವೇ ತಿಂಗಳಲ್ಲಿ ವಾಲ್ವ್ ಹಿಡಿದುಕೊಳ್ಳುತ್ತದೆ. ಹಾಗಂತ ಪೂರ್ತಿ ಖನಿಜ ತೆಗೆದ ನೀರೂ ಬೇಡ. ಅದು ಲೋಹವನ್ನೇ ತಿನ್ನುತ್ತದೆ, ಕಾಫಿಗೂ ರುಚಿ ಬರುವುದಿಲ್ಲ. ಆರ್‌ಒ ನೀರಿಗೆ ಸ್ವಲ್ಪ ಕಾವೇರಿ ನೀರು ಬೆರೆಸಿ ಹಾಕುವುದು ಬೆಂಗಳೂರಿನ ಮನೆಗಳಿಗೆ ಸುಲಭದ ದಾರಿ.

ಡಿಸ್ಕೇಲ್ ಮಾಡಲು ಕಂಪನಿ ಹೇಳಿದ ದ್ರಾವಣ ಸಿಕ್ಕರೆ ಅದನ್ನೇ ಹಾಕಿ. ಮ್ಯಾನುಯಲ್ ಒಪ್ಪಿದರೆ ಒಂದು ಲೀಟರ್ ನೀರಿಗೆ 15ರಿಂದ 20 ಗ್ರಾಂ ಸಿಟ್ರಿಕ್ ಆಸಿಡ್ ಸಾಕು. ಅಲ್ಯುಮಿನಿಯಂ ಬಾಯ್ಲರ್ ಆದರೆ ದ್ರಾವಣವನ್ನು ಒಳಗೆ ಜಾಸ್ತಿ ಹೊತ್ತು ಬಿಡಬೇಡಿ, ಆಮ್ಲ ಲೋಹವನ್ನೂ ತಿನ್ನುತ್ತದೆ. ಆಮೇಲೆ ಎರಡು ಟ್ಯಾಂಕ್ ಒಳ್ಳೆಯ ನೀರು ಓಡಿಸಿ. ವಿನೆಗರ್ ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ಅದನ್ನು ಬಿಡಿ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ಡಿಸ್ಕೇಲ್ ಮಾಡದ ಮಷೀನಿಗೆ ಮಾಡಿದ ಮೇಲೆ ಸೋರಿಕೆ ಹೊಸದಾಗಿ ಶುರುವಾಗುವುದುಂಟು. ಸವೆದ ಸೀಲನ್ನು ಇಷ್ಟು ದಿನ ಉಪ್ಪೇ ಮುಚ್ಚಿ ಹಿಡಿದಿತ್ತು. ಡಿಸ್ಕೇಲ್‌ನಿಂದ ಹಾಳಾಯಿತು ಅಂತ ಬೈದುಕೊಳ್ಳಬೇಡಿ, ಆ ಸೀಲ್ ಬದಲಿಸಿ. ಇನ್ನು ಕಿತ್ತುಬಂದ ಉಪ್ಪಿನ ಚೂರು ಸೊಲೆನಾಯ್ಡ್ ವಾಲ್ವ್‌ನಲ್ಲಿ ಸಿಕ್ಕಿಕೊಂಡರೆ ಕಾಫಿ ಮಾಡದಿದ್ದಾಗಲೂ ಗ್ರೂಪ್ ಹೆಡ್‌ನಿಂದ ನೀರು ಬೀಳುತ್ತಲೇ ಇರುತ್ತದೆ. ಜೋರಾಗಿ ಒಂದೆರಡು ಲೋಟ ನೀರು ಬಿಟ್ಟರೆ ಚೂರು ಹೊರಬಂದು ನಿಲ್ಲಬಹುದು. ನಿಲ್ಲದಿದ್ದರೆ ವಾಲ್ವ್ ಬಿಚ್ಚಿ ತೊಳೆಯಬೇಕು.

ಮೆಕ್ಯಾನಿಕ್‌ಗೆ ಏನು ಹೇಳಬೇಕು

"ಸೋರ್ತಿದೆ ಸರ್" ಅಂದರೆ ಅವರೂ ಮೊದಲಿನಿಂದ ಹುಡುಕಬೇಕು. ತಳದ ಸ್ಟಿಕರ್‌ನಲ್ಲಿರುವ ಮಾಡೆಲ್ ನಂಬರ್ ಬರೆದುಕೊಳ್ಳಿ. ಸೋರುವಾಗ ಅರ್ಧ ನಿಮಿಷ ವಿಡಿಯೊ ಮಾಡಿ, ಪಂಪಿನ ಸದ್ದೂ ಕೇಳುವ ಹಾಗೆ. ನಾಲ್ಕು ಹಂತದಲ್ಲಿ ಯಾವುದರಲ್ಲಿ ನೀರು ಬಂತು, ಬಿಸಿಯೋ ತಣ್ಣಗೋ, ತಿಳಿಯೋ ಕಂದೋ, ಅಷ್ಟನ್ನು ವಾಟ್ಸಾಪ್ ಮಾಡಿ. ಯಾವ ಭಾಗ ತರಬೇಕು ಅಂತ ಅವರು ಅಂಗಡಿಯಲ್ಲೇ ಅಂದಾಜು ಮಾಡುತ್ತಾರೆ, ಎರಡನೇ ಸಲ ಬರುವ ಚಾರ್ಜ್ ಉಳಿಯುತ್ತದೆ. ಬದಲಿಸಿದ ಹಳೇ ಭಾಗವನ್ನು ಕೇಳಿ ಇಸಿದುಕೊಳ್ಳಿ. ಮುಂದಿನ ಸಲ ಓ-ರಿಂಗ್ ಕೊಳ್ಳುವಾಗ ಅಂಗಡಿಯವರಿಗೆ ತೋರಿಸಲು ಅದು ಬೇಕಾಗುತ್ತದೆ.